ಹಾರ್ಮೋನಿಯಂ, ಕೋಮಾ ಮತ್ತು ಜನರೇಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಶಿರಸಿಯಲ್ಲಿ ಗಣಿತ ಕಲಿಸುವವನು. ಹಳೆ ಹಾರ್ಮೋನಿಯಂ ಬಿಚ್ಚಿ ಕೂರುವುದು ನನ್ನ ಚಟ. ಈ ಎರಡೂ ಸೇರಿದ್ದರಿಂದ ಭಜನೆ ಮುಗಿದ ಮೇಲೆ, ಮದುವೆ ಮನೆಯ ಪಂಕ್ತಿಯಲ್ಲಿ, ರಾತ್ರಿ ಹತ್ತರ ಮೇಲೆ ಫೋನಿನಲ್ಲಿ ಅವೇ ಪ್ರಶ್ನೆಗಳು ಬರುತ್ತಲೇ ಇರುತ್ತವೆ. ಕಾರವಾರದಿಂದ ಒಬ್ಬರು ಎಂಟು ಪುಟದ ಪತ್ರವನ್ನೇ ಬರೆದರು. ಎಲ್ಲವನ್ನೂ ಕೇಳಿದವರ ಮಾತಿನಲ್ಲೇ ಇಲ್ಲಿ ಹಾಕಿದ್ದೇನೆ. ಮೊದಲು ಸುಲಭದ್ದು, ಆಮೇಲೆ ತಲೆ ತಿನ್ನುವಂಥದ್ದು.

## ಮೊದಲಿಗೆ

ಮಾಸ್ತರ್ರೇ, ಜನರೇಟರ್ ಅಂದ್ರೆ ಬಯಲಾಟದ ಹಿಂದೆ ಗುಡುಗುಟ್ಟುತ್ತದಲ್ಲ, ಅದೇ ಅಲ್ವಾ? ಸಂಗೀತದಲ್ಲಿ ಅದಕ್ಕೇನು ಕೆಲಸ?

ಹೆಸರೊಂದೇ ಬಿಟ್ಟರೆ ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಒಂದೇ ಒಂದು ಅಂತರವನ್ನು ಮತ್ತೆ ಮತ್ತೆ ಹಾಕುತ್ತಾ ಹೋಗಿ ಎಲ್ಲ ಸ್ವರಗಳನ್ನೂ ಹುಟ್ಟಿಸುತ್ತೀರಿ ಎಂದುಕೊಳ್ಳಿ. ಆ ಅಂತರವೇ ಜನರೇಟರ್. ಸಾಮಾನ್ಯವಾಗಿ ಅದು ಪಂಚಮ. ಸಾ ದಿಂದ ಪ, ಪ ದಿಂದ ರಿ, ರಿ ಯಿಂದ ಧ, ಧ ದಿಂದ ಗ. ಸಪ್ತಕ ದಾಟಿದಾಗಲೆಲ್ಲ ಒಂದು ಸಪ್ತಕ ಕೆಳಗೆ ಇಳಿಸಿಕೊಳ್ಳುವುದು. ಈ ಪಂಚಮವನ್ನು ಬೇಕೆಂದೇ ಒಂದು ಚೂರು ಬದಲಿಸಿ, ಬೇರೆ ಸ್ವರಗಳಿಗೆ ಅನುಕೂಲ ಮಾಡಿಕೊಟ್ಟರೆ ಅದು ಟೆಂಪರಮೆಂಟ್. ಎಷ್ಟು ಬದಲಿಸಬೇಕು ಎಂಬುದೇ ಈ ಪುಟದಲ್ಲಿರುವ ಲೆಕ್ಕ.

ಸೆಂಟ್ ಅಂತೀರಿ. ಜಾಗ ಅಳೆಯೋ ಸೆಂಟ್ಸಾ?

ಅಲ್ಲ. ಒಂದು ಸಪ್ತಕವನ್ನು 1200 ಸಮ ಪಾಲು ಮಾಡಿದರೆ ಒಂದು ಪಾಲು ಒಂದು ಸೆಂಟ್. ಅಲೆಕ್ಸಾಂಡರ್ ಎಲ್ಲಿಸ್ ಎಂಬ ಇಂಗ್ಲಿಷಿನವರು 1880ರ ದಶಕದಲ್ಲಿ ಇದನ್ನು ಬಳಕೆಗೆ ತಂದರು. ಕಂಪನಗಳ ಅನುಪಾತ ಗೊತ್ತಿದ್ದರೆ ಅದರ ಲಾಗರಿದಮ್ ತೆಗೆದು, 2ರ ಲಾಗರಿದಮ್‌ನಿಂದ ಭಾಗಿಸಿ, 1200ರಿಂದ ಗುಣಿಸಿ. ಶುದ್ಧ ಪಂಚಮ 3/2, ಅಂದರೆ 701.955 ಸೆಂಟ್. ತಂಬೂರಿಯಲ್ಲಿ ತಾನಾಗಿ ಕೇಳುವ ಗಾಂಧಾರ 5/4, ಅಂದರೆ 386.314. ಕೋಮಲ ಗಾಂಧಾರ 6/5, ಅಂದರೆ 315.641. ಈ ಮೂರು ಸಂಖ್ಯೆ ನೆನಪಿದ್ದರೆ ಮುಂದಿನದ್ದಕ್ಕೆ ಸಾಕು.

ಪಂಚಮ ಸರಿಯಾಗಿ ಕೂಡಿಸ್ತಾ ಹೋದ್ರೆ ಗಾಂಧಾರ ತಾನಾಗಿ ಸರಿ ಬರಬೇಕಲ್ಲ?

ಬರುವುದಿಲ್ಲ. ತೊಂದರೆ ಶುರುವಾಗುವುದೇ ಇಲ್ಲಿ. ನಾಲ್ಕು ಶುದ್ಧ ಪಂಚಮ ಹಾಕಿದರೆ 2807.82. ಎರಡು ಸಪ್ತಕ ಇಳಿಸಿದರೆ 407.82. ತಂಬೂರಿಯ ಗಾಂಧಾರವೋ 386.314ರಲ್ಲಿ ಕೂತಿದೆ. ನಡುವೆ ಉಳಿದದ್ದು 21.506 ಸೆಂಟ್. ಅದರ ಹೆಸರು ಕೋಮಾ, ಅನುಪಾತ 81/80.

ಇದು ಯಾರ ತಪ್ಪೂ ಅಲ್ಲ. 3ನ್ನು ಎಷ್ಟು ಸಲ ಗುಣಿಸಿದರೂ 5 ಬರುವುದಿಲ್ಲ, ಅಷ್ಟೇ. ಕೋಮಾವನ್ನು ಅಳಿಸಲು ಆಗುವುದಿಲ್ಲ. ಯಾರ ಎಲೆಗೆ ಎಷ್ಟು ಬಡಿಸಬೇಕು ಎಂದು ತೀರ್ಮಾನ ಮಾಡಬಹುದು.

ಹೊಸ ಹಾರ್ಮೋನಿಯಂ ಪೆಟ್ಟಿಗೆ ತಂದಿದ್ದೇನೆ, ಆ್ಯಪ್‌ನಲ್ಲಿ ನೋಡಿದ್ರೆ ಎಲ್ಲ ಹಸಿರು. ಆದ್ರೂ ಗಾಂಧಾರ ತಂಬೂರಿಗೆ ಕೂರ್ತಾ ಇಲ್ಲ. ನನ್ನ ಕಿವಿ ಹಾಳಾಗಿದೆಯಾ?

ಕಿವಿ ಸರಿ ಇದೆ. ಆ್ಯಪ್ ತೋರಿಸುವುದು 12 ಸಮ ಪಾಲಿನ ಟ್ಯೂನಿಂಗ್. ಅದರಲ್ಲಿ ಪಂಚಮ 700, ಗಾಂಧಾರ 400. ಅಂದರೆ ಪಂಚಮ 2 ಸೆಂಟ್ ಕಡಿಮೆ, ಗಾಂಧಾರ 13.7 ಸೆಂಟ್ ಜಾಸ್ತಿ, ಕೋಮಲ ಗಾಂಧಾರ 15.6 ಸೆಂಟ್ ಕಡಿಮೆ.

ಕಿವಿಗೆ ಇದು ಹೇಗೆ ಕೇಳುತ್ತದೆ ನೋಡಿ. ಪುಸ್ತಕದಲ್ಲಿ ಹಿಡಿಯುವ ಹಾಗೆ ಸಾ 240 ಹರ್ಟ್ಜ್ ಇರಲಿ. ಯಾವ ಸ್ವರದ ಜೊತೆಗೂ ಅದರ ಎರಡು, ಮೂರು, ನಾಲ್ಕು ಪಟ್ಟಿನ ಕಂಪನಗಳೂ ಸಣ್ಣಗೆ ಕೇಳುತ್ತವೆ. ಸಾ ದ ಐದನೇ ಪಟ್ಟು 1200. ಪೆಟ್ಟಿಗೆಯ ಗಾಂಧಾರ 302.38, ಅದರ ನಾಲ್ಕನೇ ಪಟ್ಟು 1209.5. ಎರಡೂ ಒಟ್ಟಿಗೆ ಊದಿದಾಗ ಸೆಕೆಂಡಿಗೆ ಒಂಬತ್ತೂವರೆ ಸಲ ನಡುಕ ಬರುತ್ತದೆ. ಪಂಚಮದಲ್ಲಿ ಅದೇ ನಡುಕ ಸೆಕೆಂಡಿಗೆ ಒಂದಕ್ಕಿಂತ ಕಡಿಮೆ, ಗೊತ್ತೇ ಆಗುವುದಿಲ್ಲ. ಆಲ್ ಇಂಡಿಯಾ ರೇಡಿಯೋದವರು 1940ರಲ್ಲಿ ಹಾರ್ಮೋನಿಯಂ ಅನ್ನು ಹೊರಗಿಟ್ಟು 1971ರವರೆಗೆ ಒಳಗೆ ಬಿಡಲಿಲ್ಲ. ಮೀಂಡ್ (ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು) ಬರುವುದಿಲ್ಲ ಎಂಬುದು ಒಂದು ದೂರು, ಈ ಗಾಂಧಾರ ಇನ್ನೊಂದು.

## ಲೆಕ್ಕಕ್ಕೆ ಇಳಿದವರು ಕೇಳುವುದು

'ಮೀನ್‌ಟೋನ್' ಅಂದ್ರೇನು? ಕಾರವಾರದವರಿಗೆ ಮೀನು ಅಂದ ಕೂಡಲೇ ಕಿವಿ ನಿಮಿರುತ್ತದೆ, ಬೇಗ ಹೇಳಿ.

ಬಂಗಡೆಯೂ ಅಲ್ಲ, ಇಸವಾಣವೂ ಅಲ್ಲ. ಇಂಗ್ಲಿಷಿನಲ್ಲಿ ಮೀನ್ ಎಂದರೆ ಸರಾಸರಿ. ಶುದ್ಧ ಸಪ್ತಕದಲ್ಲಿ ಸಾ–ರಿ ಅಂತರ 9/8 (203.9 ಸೆಂಟ್), ರಿ–ಗ ಅಂತರ 10/9 (182.4 ಸೆಂಟ್). ಇವೆರಡನ್ನೂ ಸರಾಸರಿ ಮಾಡಿ 193.2ಕ್ಕೆ ತಂದರೆ ಕೋಮಾ ಮಾಯ. ಪಂಚಮಕ್ಕೆ ಬಂದರೆ, ಪ್ರತಿ ಪಂಚಮದಿಂದ ಕೋಮಾದ ನಾಲ್ಕನೇ ಒಂದು ಪಾಲು ಕಳೆದ ಹಾಗೆ. ಆಗ ಪಂಚಮ 696.578, ಗಾಂಧಾರ ಪೂರ್ತಿ ಶುದ್ಧ. ಪಿಯೆತ್ರೊ ಆರೊನ್ ಎಂಬ ಇಟಲಿಯವರು 1523ರಲ್ಲಿ ಬರೆದದ್ದನ್ನು ಇದರ ಮೊದಲ ವಿವರಣೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಮುಂದೆ ಇಟಲಿಯವರೇ ಆದ ಜಾರ್ಲಿನೊ 1558ರಲ್ಲಿ ಕೋಮಾದ ಏಳರಲ್ಲಿ ಎರಡು ಪಾಲು ಕಳೆಯಬೇಕು ಎಂದರು. ಸ್ಪೇನಿನ ಸಲಿನಾಸ್ 1577ರಲ್ಲಿ ಮೂರರಲ್ಲಿ ಒಂದು ಪಾಲಿನದ್ದನ್ನು ವಿವರಿಸಿದರು, ಅದರಲ್ಲಿ ಕೋಮಲ ಗಾಂಧಾರ ಶುದ್ಧ.

ಇಷ್ಟೊಂದು ಜನ ಇಷ್ಟೊಂದು ಹೇಳಿದ್ರೆ, 'ಅತ್ಯುತ್ತಮ' ಯಾವುದು ಅಂತ ತೀರ್ಮಾನ ಮಾಡೋದು ಹೇಗೆ? ಕಾಗದದ ಮೇಲೆ ಮಾಡಿ ತೋರಿಸಿ.

ಪಂಚಮದಿಂದ ಕಳೆಯುವ ಪಾಲನ್ನು 'ಕ' ಅನ್ನೋಣ. ಅಳತೆ ಕೋಮಾದಲ್ಲಿ. ಈಗ ಮೂರು ತಪ್ಪುಗಳನ್ನು (ಶುದ್ಧ ಅಂತರಕ್ಕಿಂತ ಎಷ್ಟು ಆಚೀಚೆ ಎಂದು) ಬರೆಯಿರಿ.

ಪಂಚಮದ ತಪ್ಪು: −ಕ.
ಗಾಂಧಾರದ ತಪ್ಪು: 1 − 4ಕ. ಏನೂ ಕಳೆಯದಿದ್ದರೆ ಒಂದು ಕೋಮಾ ಜಾಸ್ತಿ ಇತ್ತು, ನಾಲ್ಕು ಪಂಚಮ ದಾಟಿ ಬರುವುದರಿಂದ 4ಕ ಕಡಿಮೆಯಾಗುತ್ತದೆ.
ಕೋಮಲ ಗಾಂಧಾರದ ತಪ್ಪು: 3ಕ − 1. ಪಂಚಮದಿಂದ ಗಾಂಧಾರ ಕಳೆದರೆ ಉಳಿಯುವುದು ಇದೇ.

ಇಲ್ಲಿಂದ ಎರಡು ದಾರಿ. ಮೊದಲನೆಯದು, ಮೂರರಲ್ಲಿ ಅತಿ ದೊಡ್ಡ ತಪ್ಪನ್ನು ಆದಷ್ಟು ಚಿಕ್ಕದು ಮಾಡುವುದು. ಕ = 1/4 ಇಟ್ಟರೆ ತಪ್ಪುಗಳು 1/4, 0, 1/4. ಕ ಇನ್ನೂ ಕಡಿಮೆ ಮಾಡಿದರೆ ಕೋಮಲ ಗಾಂಧಾರ ಕೂಗುತ್ತದೆ, ಜಾಸ್ತಿ ಮಾಡಿದರೆ ಪಂಚಮ. ಹಾಗಾಗಿ 1/4ಕ್ಕಿಂತ ಒಳ್ಳೆಯದಿಲ್ಲ. 1523ರದ್ದೇ ಗೆದ್ದಿತು.

ಎರಡನೆಯದು, ಮೂರೂ ತಪ್ಪುಗಳ ವರ್ಗ ತೆಗೆದು ಕೂಡಿಸಿ, ಆ ಮೊತ್ತವನ್ನು ಚಿಕ್ಕದು ಮಾಡುವುದು. ಕೂಡಿಸಿದರೆ 26ಕ² − 14ಕ + 2. ಪಿಯುಸಿಯಲ್ಲಿ ಡಿಫರೆನ್ಸಿಯೇಷನ್ ಮಾಡಿದ್ದೀರಲ್ಲ? 52ಕ = 14, ಅಂದರೆ ಕ = 7/26. ಪಂಚಮ 696.165. ವೂಲ್‌ಹೌಸ್ ಎಂಬುವರು 1835ರಲ್ಲಿ ಇದೇ ಉತ್ತರಕ್ಕೆ ಬಂದಿದ್ದರು. ನನ್ನ ವಿದ್ಯಾರ್ಥಿಯೊಬ್ಬ ಇದನ್ನು ಬೋರ್ಡಿನ ಮೇಲೆ ಬಿಡಿಸಿ, "ಇಷ್ಟೇನಾ ಸರ್?" ಎಂದ. ಹೌದು, ಇಷ್ಟೇ.

ಎರಡು ಉತ್ತರಗಳ ನಡುವೆ ವ್ಯತ್ಯಾಸ ಅರ್ಧ ಸೆಂಟೂ ಇಲ್ಲ. ಯಾವ ತಪ್ಪುಗಳನ್ನು ಪಟ್ಟಿಗೆ ಸೇರಿಸುತ್ತೀರಿ, ಯಾವುದಕ್ಕೆ ಎಷ್ಟು ತೂಕ ಕೊಡುತ್ತೀರಿ ಎಂಬುದರಿಂದ ಇದಕ್ಕಿಂತ ಎಷ್ಟೋ ಜಾಸ್ತಿ ವ್ಯತ್ಯಾಸ ಆಗುತ್ತದೆ.

ನಮ್ಮ ಭಜನಾ ಮಂಡಳಿಯಲ್ಲಿ ಪಂಚಮ ಅಲ್ಲಾಡಿದ್ರೆ ಎಲ್ಲರೂ ತಿರುಗಿ ನೋಡ್ತಾರೆ, ಗಾಂಧಾರ ಯಾರೂ ಕೇಳೋದಿಲ್ಲ. ಅದನ್ನು ಲೆಕ್ಕಕ್ಕೆ ಸೇರಿಸಬಹುದಾ?

ಸೇರಿಸಲೇಬೇಕು. ನನಗೆ ಬಂದ ಪ್ರಶ್ನೆಗಳಲ್ಲಿ ಅತಿ ಒಳ್ಳೆಯದು ಇದು. ಪಂಚಮದ ತಪ್ಪಿನ ವರ್ಗಕ್ಕೆ 'ತ' ಪಟ್ಟು ತೂಕ ಕೊಡಿ, ಉಳಿದೆರಡಕ್ಕೆ ಒಂದೊಂದೇ ಇರಲಿ. ಉತ್ತರ ಕ = 7 ÷ (25 + ತ).

ತೂಕ 1 ಆದರೆ ಮೇಲಿನ 7/26. ತೂಕ 10 ಕೊಟ್ಟರೆ 7/35, ಅಂದರೆ ಸರಿಯಾಗಿ ಕೋಮಾದ ಐದನೇ ಒಂದು ಪಾಲು. ಪಂಚಮ 697.654. ಗಾಂಧಾರ 4.3 ಸೆಂಟ್ ಜಾಸ್ತಿ, ಆ್ಯಪ್‌ನ ಗಾಂಧಾರದ ಮೂರನೇ ಒಂದರಷ್ಟೂ ತಪ್ಪಿಲ್ಲ. ಸೆಕೆಂಡಿಗೆ ಒಂಬತ್ತೂವರೆ ಇದ್ದ ನಡುಕ ಮೂರಕ್ಕೆ ಇಳಿಯುತ್ತದೆ.

ಈಗ ತಮಾಷೆ ನೋಡಿ. ಅಂಗಡಿ ಪೆಟ್ಟಿಗೆಯ 700 ಸೆಂಟಿನ ಪಂಚಮ ಹೆಚ್ಚುಕಡಿಮೆ ಕೋಮಾದ ಹನ್ನೊಂದನೇ ಒಂದು ಪಾಲು ಕಳೆದದ್ದು. ಅದು ಬರಬೇಕಾದರೆ ತೂಕ 52 ಆಗಬೇಕು. ಅಂದರೆ ಎರಡೂ ಗಾಂಧಾರಗಳಿಗಿಂತ ಪಂಚಮ ಐವತ್ತೆರಡು ಪಟ್ಟು ಮುಖ್ಯ ಎಂದು ನೀವು ಒಪ್ಪಿದ ಹಾಗೆ. ನಿಮ್ಮನ್ನು ಕೇಳಿಯೇ ಒಪ್ಪಿಸಿದ್ದಾರಾ?

ಯಕ್ಷಗಾನದಲ್ಲಿ ಬರೀ ಶ್ರುತಿಗೆ ಸಾ–ಪ ಹಿಡಿಯುವ ಪೆಟ್ಟಿಗೆ ಇದ್ದರೆ ಈ ಯಾವ ತಲೆಬಿಸಿಯೂ ಬೇಡ. ಪಂಚಮ ಶುದ್ಧ ಮಾಡಿ, ನಿದ್ದೆ ಮಾಡಿ.

ಬೇರೆ ಕಡೆ 697.214 ಅಂತ ಓದಿದೆ, ಇನ್ನೊಂದು ಕಡೆ 696.239. ಯಾರು ಸುಳ್ಳು ಹೇಳ್ತಿದ್ದಾರೆ?

ಯಾರೂ ಇಲ್ಲ. ಅವರ ಪಟ್ಟಿ ಬೇರೆ. 697.214 ಬರುವುದು ಹೀಗೆ. ಅಂತರಗಳನ್ನು ಬಿಟ್ಟು 3 ಮತ್ತು 5 ಎಂಬ ಎರಡು ಅವಿಭಾಜ್ಯ ಸಂಖ್ಯೆಗಳ ತಪ್ಪನ್ನು ಮಾತ್ರ ನೋಡುವುದು. ಸಂಖ್ಯೆ ದೊಡ್ಡದಾದಷ್ಟೂ ತೂಕ ಕಡಿಮೆ, ಆ ಸಂಖ್ಯೆಯ ಲಾಗರಿದಮ್‌ನಿಂದ (ಆಧಾರ 2) ತಪ್ಪನ್ನು ಭಾಗಿಸಿ ಆಮೇಲೆ ವರ್ಗ. ಸಪ್ತಕ ಶುದ್ಧವಾಗಿಯೇ ಇರಬೇಕು ಎಂದು ಮೊದಲೇ ಕಟ್ಟಿಹಾಕುವುದು. ಆಗ ಕ = 0.2204.

696.239ರವರು ಸಪ್ತಕವನ್ನೂ ಬಿಚ್ಚಿಬಿಡುತ್ತಾರೆ. 2, 3, 5 ಮೂರಕ್ಕೂ ತಪ್ಪು ಹಂಚಿ, ಕೊನೆಯಲ್ಲಿ ಎಲ್ಲವನ್ನೂ ಒಟ್ಟಿಗೆ ಕುಗ್ಗಿಸಿ ಸಪ್ತಕವನ್ನು 1200ಕ್ಕೆ ತರುತ್ತಾರೆ. ನನಗೆ ಈ ಕೊನೆಯ ಕುಗ್ಗಿಸುವಿಕೆ ಯಾಕೋ ಹಿಡಿಸುವುದಿಲ್ಲ. ಒಂದು ಕಡೆ ಸಪ್ತಕ ತಪ್ಪಲಿ ಎಂದು ಲೆಕ್ಕ ಮಾಡಿ, ಆಮೇಲೆ ತಪ್ಪಬಾರದು ಎಂದರೆ ಹೇಗೆ? ಬೇಕಿದ್ದರೆ ಮೊದಲೇ ಕಟ್ಟಿಹಾಕಿ.

ಹಾಗಾದ್ರೆ ತಾರ ಷಡ್ಜವನ್ನೂ ಸ್ವಲ್ಪ ಎಳೆದ್ರೆ ಲಾಭ ಇದೆಯಾ?

ಕಾಗದದ ಮೇಲೆ ಇದೆ. ಪಾಲ್ ಎರ್ಲಿಕ್ ಎಂಬ ಅಮೆರಿಕದವರ ವಿಧಾನ ಚಂದ ಇದೆ. 81/80ರಲ್ಲಿ ಮೇಲಿರುವುದು 3ರ ಮನೆಯವರು, ಕೆಳಗಿರುವುದು 2 ಮತ್ತು 5ರ ಮನೆಯವರು. ಮೇಲಿನವರನ್ನು ಕುಗ್ಗಿಸಿ, ಕೆಳಗಿನವರನ್ನು ಹಿಗ್ಗಿಸಿ, ಎಲ್ಲರಿಗೂ ಒಂದೇ ಪ್ರಮಾಣದಲ್ಲಿ. ಪ್ರಮಾಣ ಎಷ್ಟು? 81/80ರ ಲಾಗರಿದಮ್ ಅನ್ನು 81×80ರ ಲಾಗರಿದಮ್‌ನಿಂದ ಭಾಗಿಸಿದಷ್ಟು, ಸುಮಾರು 0.0014. ಸಪ್ತಕ 1201.70 ಆಗುತ್ತದೆ, ಪಂಚಮ 697.56. ಡಿಫರೆನ್ಸಿಯೇಷನ್ ಕೂಡ ಬೇಡ.

ಪೆಟ್ಟಿಗೆಯ ಮೇಲೆ? ಸಾ 240ಕ್ಕೆ ತಾರ ಷಡ್ಜ 480.47. ಎರಡು ಸೆಕೆಂಡಿಗೊಮ್ಮೆ ಮೆಲ್ಲಗೆ ಅಲೆ. ಒಬ್ಬರೇ ನುಡಿಸಿದರೆ ಚಂದವೇ. ಪಕ್ಕದಲ್ಲಿ ತಂಬೂರಿ ಇದ್ದರೆ ಗಾಯಕರು ಪ್ರತಿ ಐದು ನಿಮಿಷಕ್ಕೆ ನಿಮ್ಮ ಮುಖ ನೋಡುತ್ತಾರೆ. ನಾನು ಸಪ್ತಕಕ್ಕೆ ಕೈ ಹಾಕುವುದಿಲ್ಲ.

## ರೀಡು ಕೆರೆಯುವವರಿಗೆ

696.578 ಅಂತ ಮೂರು ದಶಮಾಂಶ ಕೊಡ್ತೀರಿ. ಅದನ್ನು ಹಿತ್ತಾಳೆ ರೀಡಿನ (ಸ್ವರ ಹುಟ್ಟಿಸುವ ನಾಲಗೆ) ಮೇಲೆ ತರೋದು ಹೇಗೆ ಮಾರಾಯ್ರೇ?

ದಶಮಾಂಶ ಮರೆತುಬಿಡಿ, ನಡುಕ ಎಣಿಸಿ. ಸಾ 240 ಇದ್ದರೆ ಸಾ–ಪ ನಡುಕ 9 ಸೆಕೆಂಡಿಗೆ 20. ಸಾ ಬೇರೆಯಾದರೆ ಅದೇ ಪ್ರಮಾಣದಲ್ಲಿ ಹೆಚ್ಚುಕಡಿಮೆ. ಗೋಡೆ ಗಡಿಯಾರ ಎದುರಿಗೆ ಇಟ್ಟುಕೊಳ್ಳಿ.

ನಾನು ಮಾಡುವ ಕ್ರಮ ಇದು. ಮೊದಲು ಸಾ–ಗ ನಡುಕವೇ ಇಲ್ಲದ ಹಾಗೆ ಕೂಡಿಸುತ್ತೇನೆ. ಕೋಮಾದ ಕಾಲು ಪಾಲಿನ ಲೆಕ್ಕದಲ್ಲಿ ಇದೊಂದು ಅನುಕೂಲ, ಗಾಂಧಾರ ಶುದ್ಧವಾಗಿರುವುದರಿಂದ ಕಿವಿಯೇ ಸಾಕ್ಷಿ. ಆಮೇಲೆ ಪ. ರೀಡಿನ ಕೆಳಗೆ ತೆಳ್ಳಗಿನ ಉಕ್ಕಿನ ಪಟ್ಟಿ ತೂರಿಸಿ ಆಧಾರ ಕೊಡಬೇಕು, ಇಲ್ಲದಿದ್ದರೆ ನಾಲಗೆ ಬಾಗುತ್ತದೆ. ಸ್ವರ ಏರಿಸಬೇಕಾದರೆ ತುದಿಯಲ್ಲಿ ಕೆರೆಯಿರಿ, ಇಳಿಸಬೇಕಾದರೆ ಬುಡದಲ್ಲಿ. ಎರಡು ಸಲ ಕೆರೆದು, ಪುಡಿ ಊದಿ, ರೀಡನ್ನು ಜಾಗಕ್ಕೆ ಕೂರಿಸಿ, ಗಾಳಿ ಹಾಕಿ ಕೇಳಿ. ಕೆರೆದ ತಕ್ಷಣ ರೀಡು ಬಿಸಿಯಾಗಿರುತ್ತದೆ. ಒಂದು ಚಾ ಕುಡಿದು ಬಂದು ಮತ್ತೆ ಕೇಳಿ, ಬೇರೆಯೇ ಇರುತ್ತದೆ. ಗಾಳಿ ಜೋರು ಮಾಡಿದರೂ ಸ್ವರ ಚೂರು ಆಚೀಚೆ ಆಗುತ್ತದೆ. ಹಾಗಾಗಿ ಒಂದು ಸೆಂಟ್ ಒಳಗೆ ಬಂದರೆ ಕೈ ತೊಳೆಯಿರಿ.

ಮಳೆಗಾಲದಲ್ಲಿ ಈ ಕೆಲಸಕ್ಕೆ ಹೋಗಬೇಡಿ. ಆಷಾಢದಲ್ಲಿ ಒಮ್ಮೆ ಅಟ್ಟದ ಮೇಲಿದ್ದ ಪೆಟ್ಟಿಗೆ ಇಳಿಸಿದರೆ ಹಲಗೆ ಉಬ್ಬಿ, ರೀಡಿಗೆ ಹಸಿರು ಕಿಲುಬು ಹಿಡಿದಿತ್ತು. ಹಟಕ್ಕೆ ಬಿದ್ದು ಕೂಡಿಸಿದೆ. ದೀಪಾವಳಿಗೆ ಎಲ್ಲ ಮತ್ತೆ ಕೆರೆಯಬೇಕಾಯಿತು.

ನೀವೇ ಯಾಕೆ ಕೆರೀತೀರಿ? ಅಂಗಡಿಗೆ ಕೊಟ್ರೆ ಆಗದಾ?

ಕೊಟ್ಟಿದ್ದೆ. ದೂರದ ಊರಿನ ಒಂದು ಅಂಗಡಿಗೆ, ಹನ್ನೆರಡೂ ಸ್ವರದ ಸೆಂಟ್ ಬರೆದ ಚೀಟಿ ಒಳಗಿಟ್ಟು. ಎರಡು ತಿಂಗಳ ಮೇಲೆ ಪೆಟ್ಟಿಗೆ ಬಂತು, ಪಾಲಿಶ್ ಪಳಪಳ. ಗಾಂಧಾರ ಸರಿಯಾಗಿ 400. "ನಿಮ್ಮ ಚೀಟಿಯಲ್ಲಿ ತಪ್ಪಿತ್ತು, ನಾವೇ ಸರಿ ಮಾಡಿದ್ದೇವೆ" ಎಂದರು.

ಈ ರೀತಿ ಕೂಡಿಸಿದ್ರೆ ಎಲ್ಲ ಕರಿ–ಬಿಳಿಯಿಂದಲೂ ಹಾಡಬಹುದಾ?

ಇಲ್ಲ. ಹನ್ನೊಂದು ಪಂಚಮ ಸರಿ ಇರುತ್ತವೆ, ಹನ್ನೆರಡನೆಯದು 737.6 ಸೆಂಟ್. ಯುರೋಪಿನವರು ಅದನ್ನು ತೋಳ ಎನ್ನುತ್ತಾರೆ, ಊಳಿಡುತ್ತದೆ ಎಂದು. ಆ ತೋಳವನ್ನು ಎಲ್ಲಿ ಕಟ್ಟಬೇಕು ಎಂಬುದು ನಿಮ್ಮ ಕೈಯಲ್ಲಿದೆ.

ಬಿಲಾವಲ್‌ನಂಥ ಎಲ್ಲ ಶುದ್ಧ ಸ್ವರದ ರಾಗಕ್ಕೆ ಪಂಚಮಗಳ ಸರಪಳಿಯಲ್ಲಿ ಸಾ ದ ಹಿಂದೆ ಒಂದು (ಮ), ಮುಂದೆ ಐದು (ಪ, ರಿ, ಧ, ಗ, ನಿ) ಕೊಂಡಿ ಬೇಕು. ಹನ್ನೆರಡು ಸ್ವರದ ಸರಪಳಿಯಲ್ಲಿ ಆರು ಸಾ ಗಳಿಗೆ ಜಾಗ. ನನ್ನ ಸಲಹೆ: ಸರಪಳಿಯನ್ನು ಕರಿ ಮೂರರಿಂದ (ಸಪ್ತಕದ ಮೂರನೇ ಕರಿ ಕೀಲಿ) ಶುರು ಮಾಡಿ ಬಿಳಿ ಏಳಕ್ಕೆ (ಏಳನೇ ಬಿಳಿ ಕೀಲಿ) ಮುಗಿಸಿ. ಆಗ ಕರಿ ಒಂದು, ಕರಿ ಎರಡು, ಕರಿ ನಾಲ್ಕು, ಕರಿ ಐದು, ಬಿಳಿ ಒಂದು, ಬಿಳಿ ನಾಲ್ಕು, ಇಷ್ಟರಿಂದ ಹಾಡಬಹುದು. ಸಾಮಾನ್ಯವಾಗಿ ಕೇಳುವವೆಲ್ಲ ಅದರಲ್ಲಿ ಬಂದವು. ಒಂದು ಎಚ್ಚರಿಕೆ: ಬಿಳಿ ಒಂದರಲ್ಲಿ ಯಮನ್ ರಾಗ ಶುರು ಮಾಡಬೇಡಿ. ಅದಕ್ಕೆ ಬೇಕಾದ ತೀವ್ರ ಮಧ್ಯಮವೇ ಅಲ್ಲಿಲ್ಲ. ಇರುವ ಕರಿ ಮೂರು ಅದಕ್ಕಿಂತ 41 ಸೆಂಟ್ ಮೇಲೆ ಕೂತಿರುತ್ತದೆ.

## ಇನ್ನೂ ಮುಂದೆ ಹೋದವರು ಕೇಳುವುದು

22 ಶ್ರುತಿಗೆ ಈ ಲೆಕ್ಕ ಹೊಂದುತ್ತದಾ?

ಮೀನ್‌ಟೋನ್ ಹೊಂದುವುದಿಲ್ಲ. ಪುಸ್ತಕಗಳಲ್ಲಿ ಸಿಗುವ 22ರ ಪಟ್ಟಿಗಳಲ್ಲಿ ಸಾ ಮತ್ತು ಪ ಬಿಟ್ಟು ಉಳಿದ ಹತ್ತು ಸ್ವರಗಳಿಗೆ ಎರಡೆರಡು ಜಾಗ ಕೊಡುತ್ತಾರೆ. ಬಹಳಷ್ಟು ಕಡೆ ಆ ಎರಡರ ನಡುವಿನ ಅಂತರ ಕೋಮಾ. ಮೀನ್‌ಟೋನ್ ಅದೇ ಕೋಮಾವನ್ನು ಶೂನ್ಯ ಮಾಡುತ್ತದೆ. ಇನ್ನು ಸಪ್ತಕವನ್ನು 22 ಸಮ ಪಾಲು ಮಾಡುವವರೂ ಇದ್ದಾರೆ. ಅಲ್ಲಿ ಪಂಚಮ 709 ಸೆಂಟ್, ಅಂಗಡಿ ಪೆಟ್ಟಿಗೆಗಿಂತ ಮೂರುವರೆ ಪಟ್ಟು ತಪ್ಪು. ಅದನ್ನು ತಂಬೂರಿ ಪಕ್ಕ ಇಡಲು ಧೈರ್ಯ ಬೇಕು.

ಕೋಮಾ ಉಳಿಸಿಕೊಂಡೂ ಒಂದೇ ಜನರೇಟರ್‌ನಲ್ಲಿ ಶುದ್ಧ ಗಾಂಧಾರ ತರೋಕೆ ದಾರಿ ಇಲ್ವಾ?

ಇದೆ. ಮುಂದೆ ಹೋಗುವ ಬದಲು ಹಿಂದೆ ಹೋಗಿ. ಸಾ ದಿಂದ ಎಂಟು ಪಂಚಮ ಕೆಳಗಿಳಿದು ಐದು ಸಪ್ತಕ ಏರಿಸಿದರೆ 384.36. ಶುದ್ಧ ಗಾಂಧಾರಕ್ಕೆ ಬರೀ 1.954 ಸೆಂಟ್ ಕಡಿಮೆ. ಈ ಚೂರಿಗೆ ಸ್ಕಿಸ್ಮಾ ಎಂದು ಹೆಸರು. ಮೊದಲಿನ ಹಾಗೆಯೇ, ಸ್ಕಿಸ್ಮಾದ ಅಳತೆಯಲ್ಲಿ ಮೂರು ತಪ್ಪು ಬರೆಯಿರಿ: −ಕ, 8ಕ − 1, 1 − 9ಕ. ವರ್ಗಗಳ ಮೊತ್ತ 146ಕ² − 34ಕ + 2. ಉತ್ತರ 17/146. ಪಂಚಮ 701.73, ಗಾಂಧಾರ 386.18. ಪಂಚಮದಲ್ಲಿ ಕಾಲು ಸೆಂಟಿನಷ್ಟೂ ತಪ್ಪಿಲ್ಲ, ಗಾಂಧಾರದಲ್ಲಿ ಇನ್ನೂ ಕಡಿಮೆ.

ಹನ್ನೆರಡೇ ಕೀಲಿಯಲ್ಲಿ ಇದನ್ನು ತರಬಹುದು. ಸಾ ದ ಹಿಂದೆ ಒಂಬತ್ತು ಕೊಂಡಿ, ಮುಂದೆ ಎರಡು. ಗ, ಧ, ನಿ ಮೂರೂ ತಂಬೂರಿಗೆ ಅಂಟಿಕೊಳ್ಳುತ್ತವೆ. ಆದರೆ ಸಾ ಒಂದೇ, ಬದಲಿಸುವಂತಿಲ್ಲ. ಕೋಮಲ ಗಾಂಧಾರ 295ಕ್ಕೆ ಇಳಿದಿರುತ್ತದೆ, 316 ಅಲ್ಲ. ರಿ–ಧ ಪಂಚಮ 681 ಸೆಂಟ್, ಅಳಿಸದ ಕೋಮಾ ಪೂರ್ತಿ ಅಲ್ಲೇ ಬಂದು ಕೂತಿದೆ.

19, 31, 53 ಅಂತ ಸಮ ಪಾಲುಗಳ ಹೆಸರು ಕೇಳಿದ್ದೇನೆ. ಅವು ಎಲ್ಲಿ ಬರುತ್ತವೆ?

ಲೆಕ್ಕದಿಂದ ಬಂದ ಪಂಚಮದ ಹತ್ತಿರ ಯಾವ ಸಮ ಪಾಲು ಬೀಳುತ್ತದೆ ನೋಡಿ. 31 ಪಾಲಿನಲ್ಲಿ 18 ತೆಗೆದುಕೊಂಡರೆ 696.774, ಕಾಲು ಕೋಮಾದವರ ಪಕ್ಕದ ಮನೆ. ಡಚ್ ವಿಜ್ಞಾನಿ ಹೈಗೆನ್ಸ್ 1691ರಲ್ಲಿ ಇದನ್ನೇ ತೋರಿಸಿದ್ದು. 19ರಲ್ಲಿ 11 ಅಂದರೆ 694.737, ಸಲಿನಾಸ್‌ರ ಪಕ್ಕ. 53ರಲ್ಲಿ 31 ಅಂದರೆ 701.887, ಅದು ಸ್ಕಿಸ್ಮಾದವರ ಕೇರಿ.

ಎರಡು ಜನರೇಟರ್ ಇದ್ದರೆ?

ಅದೇ ಲೆಕ್ಕ, ಕ ಜೊತೆಗೆ ಇನ್ನೊಂದು ಅಕ್ಷರ. ಎರಡು ಸಮೀಕರಣ ಬರುತ್ತವೆ, ಬಿಡಿಸಿ. ಮೂರು ದಾಟಿದರೆ ಮ್ಯಾಟ್ರಿಕ್ಸ್ ಮಾಡಿ ಎಕ್ಸೆಲ್‌ಗೆ ಹಾಕಿ, ಕೈಯಲ್ಲಿ ಮಾಡಿ ಪುಣ್ಯ ಬರುವುದಿಲ್ಲ.

ಎಲ್ಲ ಹೇಳಿದ್ರಿ. ನಿಮ್ಮ ಪೆಟ್ಟಿಗೆ ಈಗ ಹೇಗೆ ಕೂಡಿಸಿದ್ದೀರಿ?

ಎರಡು ಇವೆ. ಭಜನೆಗೆ ಒಯ್ಯುವುದು ಕೋಮಾದ ಐದನೇ ಒಂದು ಪಾಲಿನದ್ದು, ಪಂಚಮಕ್ಕೆ ಹತ್ತು ಪಟ್ಟು ತೂಕ. ಯಾರೂ ಇದುವರೆಗೆ ತಿರುಗಿ ನೋಡಿಲ್ಲ. ಮನೆಯಲ್ಲಿರುವುದು ಸ್ಕಿಸ್ಮಾದ್ದು, ಸಾ ಕರಿ ಒಂದಕ್ಕೆ. ಭೂಪ್ ರಾಗ ನುಡಿಸಿದರೆ ಎದ್ದು ಹೋಗುವ ಮನಸ್ಸಾಗುವುದಿಲ್ಲ. ಪಕ್ಕದ ಮನೆಯ ಹುಡುಗಿಗೆ ಮಾತ್ರ ದುರ್ಗಾ ರಾಗ ಇಷ್ಟ. ಭೂಪ್‌ನ ಹಾಗೆ ಅದರಲ್ಲೂ ರಿ, ಧ ಎರಡೂ ಇವೆ. ಅವಳು ಬಂದು ಕೂತು ಅವೆರಡನ್ನೂ ಒಟ್ಟಿಗೆ ಒತ್ತಿ, "ಅಂಕಲ್, ಇದು ಹಾಳಾಗಿದೆ" ಎನ್ನುತ್ತಾಳೆ.